ಒಂದೂವರೆ ಅಡಿ ಗುಂಡಿ

ಬೀಗಿತ್ತಿಯವರಿಗೆ,

ನಮಸ್ಕಾರ. ಗೋಡೆಯ ಆಚೆಗೆ ಮಲಗಿರುವವರಿಗೆ ಈಚೆಗೆ ಕೂತು ಕಾಗದ ಬರೆಯುತ್ತಿದ್ದಾಳಲ್ಲ, ಇವಳಿಗೇನು ತಲೆ ಕೆಟ್ಟಿದೆಯೇ ಎಂದು ನೀವು ಅಂದುಕೊಳ್ಳಬಹುದು. ಇದನ್ನು ಎದುರಿಗೇ ಹೇಳಬೇಕೆಂದು ಬೆಳಿಗ್ಗೆಯಿಂದ ಮೂರು ಸಲ ನಿಮ್ಮ ಕೋಣೆಗೆ ಬಂದೆ. ಒಂದು ಸಲ ನಿಮ್ಮ ದಿಂಬು ಸರಿಮಾಡಿ ಹೊರಟೆ, ಇನ್ನೊಂದು ಸಲ ಕಿಟಕಿ ಮುಚ್ಚಿ ಹೊರಟೆ, ಮೂರನೆಯ ಸಲ ಅದೇ ಕಿಟಕಿ ತೆರೆದು ಹೊರಟೆ. "ಏನ್ ಬೀಗಿತ್ತಿ, ಕಿಟಕಿ ಜೊತೆ ಜಗಳಾನಾ?" ಎಂದು ನೀವು ನಕ್ಕಿರಿ. ನನಗೂ ನಗು ಬಂತು. ನಕ್ಕ ಮೇಲೆ ಇಂಥ ಮಾತು ಬಾಯಿಂದ ಹೊರಡುವುದಿಲ್ಲ.

ನಾಳೆ ಆಸ್ಪತ್ರೆಯಲ್ಲಿ ನಿಮ್ಮ ಭುಜದ ಪಟ್ಟಿ ಬಿಚ್ಚುತ್ತಾರೆ. ಅದಕ್ಕೆ ಮುಂಚೆ ನಾನು ನಿಮಗೊಂದು ವಿಷಯ ಹೇಳಲೇಬೇಕೆಂದು ನನ್ನ ಮಗಳು, ಅಂದರೆ ನಿಮ್ಮ ಸೊಸೆ, ಗಡುವು ಹಾಕಿದ್ದಾಳೆ. ಹಿತ್ತಲಿನ ಕಂಬ ನಿಮ್ಮ ಮೇಲೆ ಬಿದ್ದಿತಲ್ಲ, ಅದು ಬೀಳುತ್ತದೆಂದು ನನಗೆ ನಾಲ್ಕು ದಿನ ಮುಂಚೆಯೇ ಗೊತ್ತಿತ್ತು. ವಿಷಯ ಇಷ್ಟೇ. ಆದರೆ ಗೊತ್ತಿದ್ದೂ ಯಾಕೆ ಬಾಯಿ ಬಿಡಲಿಲ್ಲ ಎನ್ನುವುದನ್ನು ಹೇಳದಿದ್ದರೆ ನಾನು ಅರ್ಧ ಹೇಳಿದಂತೆ. ಅದಕ್ಕಾಗಿ ಸ್ವಲ್ಪ ಹಿಂದಿನಿಂದ ಬರುತ್ತೇನೆ.

ಮಗಳ ಅಪ್ಪ ತೀರಿಹೋದಾಗ ಅವಳಿಗೆ ಆರು ವರ್ಷ. ನಮ್ಮದು ಡೇರೆ, ಟಾರ್ಪಾಲಿನ್ನು ಹೊಲಿದು ಕಟ್ಟಿಕೊಡುವ ಅಂಗಡಿ. ಸಭೆ, ವಸ್ತುಪ್ರದರ್ಶನ, ಶಾಲೆಯ ಆಟೋಟ, ಎಲ್ಲಿ ನೆರಳು ಬೇಕೋ ಅಲ್ಲಿಗೆ ಲಾರಿಯಲ್ಲಿ ಕಂಬ ಹಗ್ಗ ಹೇರಿಕೊಂಡು ಹೋಗುವುದು. ಗಂಡ ಹೋದ ಮೇಲೆ ಅಂಗಡಿ ಮುಚ್ಚುತ್ತಾಳೆ ಎಂದು ಎಲ್ಲರೂ ಅಂದುಕೊಂಡರು. ನಾನು ಸೆರಗು ಸಿಕ್ಕಿಸಿಕೊಂಡು ಗೂಟ ಹೊಡೆಯುವುದನ್ನು ಕಲಿತೆ. ಮಗಳು ಬೆಳೆದದ್ದು ಕ್ಯಾನ್ವಾಸ್ ಸುರುಳಿಗಳ ಮೇಲೆ. ಅಲ್ಲೇ ಊಟ, ಅಲ್ಲೇ ಪಾಠ, ಅಲ್ಲೇ ನಿದ್ದೆ. ಅವಳಿಗೆ ನಾನು, ನನಗೆ ಅವಳು. ಮೂರನೆಯವರಿಗೆ ಅಲ್ಲಿ ಜಾಗ ಇರಲಿಲ್ಲ, ಬೇಕೂ ಇರಲಿಲ್ಲ.

ಅವಳಿಗೆ ಮದುವೆಯಾಗಿ ಒಂಬತ್ತು ವರ್ಷ. ಮೊದಲ ಏಳು ವರ್ಷ ನನಗೂ ನಿಮಗೂ ಯಾವ ತಕರಾರೂ ಇರಲಿಲ್ಲ. ನೀವು ನಿಮ್ಮ ಊರಿನ ಆಸ್ಪತ್ರೆಯಲ್ಲಿ ಹೆಡ್ ನರ್ಸು, ನಾನು ನನ್ನ ಅಂಗಡಿಯಲ್ಲಿ. ವರ್ಷಕ್ಕೆರಡು ಸಲ ಭೇಟಿ, "ಆರಾಮಾ?" "ಆರಾಮು." ದೂರದ ಬೆಟ್ಟ ನುಣ್ಣಗೆ ಎನ್ನುತ್ತಾರಲ್ಲ, ನಾವಿಬ್ಬರೂ ಒಬ್ಬರಿಗೊಬ್ಬರು ನುಣ್ಣಗೇ ಇದ್ದೆವು. ಆಮೇಲೆ ನೀವು ನಿವೃತ್ತರಾಗಿ ಮಗನ ಮನೆಗೆ ಬಂದಿರಿ.

ಬಂದ ಮೊದಲನೆಯ ವಾರದಲ್ಲೇ ನೀವು ಅವಳ ಮುಖ ನೋಡಿದಿರಿ. ಕೆನ್ನೆ ಎರಡೂ ಕೆಂಪಗೆ, ಮೂಗಿನ ಮೇಲಿಂದ ಹಾದು ಹೋದ ಹಾಗೆ. ಹನ್ನೊಂದು ತಿಂಗಳಿನಿಂದ ಅದೇ ಮುಖವನ್ನು ನಾನು ನೋಡುತ್ತಿದ್ದೆ, ಬೀಗಿತ್ತಿಯವರೇ. ತೆರೆದ ಕೊಳದಲ್ಲಿ ಮಕ್ಕಳಿಗೆ ಈಜು ಕಲಿಸುವವಳು, ಇಡೀ ದಿನ ಬಿಸಿಲು, ಮೇಲೆ ನೀರಿಗೆ ಹಾಕುವ ಔಷಧಿ ಬೇರೆ. "ಬಿಸಿಲಿಗೆ ಆಗಿರೋದು ಕಣೇ, ಎಣ್ಣೆ ಹಚ್ಚು" ಎಂದು ನಾನು ಹೇಳುತ್ತಲೇ ಬಂದೆ. ಬೆಳಿಗ್ಗೆ ಎದ್ದಾಗ ಬೆರಳು ಮಡಚಲು ಆಗುವುದಿಲ್ಲ ಎಂದರೆ "ವಯಸ್ಸಿಗೆ ಮುಂಚೆ ಮುದುಕಿ ಆಗ್ಬೇಡ" ಎಂದು ತಮಾಷೆ ಮಾಡಿದೆ. ನೀವು ಅವಳ ಬೆರಳುಗಳನ್ನು ಒಂದೊಂದಾಗಿ ಒತ್ತಿ ನೋಡಿ, ಮಾರನೆಯ ದಿನವೇ ರಕ್ತ ಪರೀಕ್ಷೆಗೆ ಕರೆದುಕೊಂಡು ಹೋದಿರಿ. ದೇಹ ತನ್ನನ್ನೇ ವೈರಿ ಎಂದು ತಿಳಿದು ಕಚ್ಚುವ ಕಾಯಿಲೆ, ಬಿಸಿಲು ತಾಗಿದರೆ ಕೆರಳುತ್ತದೆ, ಇನ್ನೂ ಆರು ತಿಂಗಳು ಬಿಟ್ಟಿದ್ದರೆ ಕಿಡ್ನಿಗೆ ಹೋಗುತ್ತಿತ್ತು ಎಂದರಂತೆ ಡಾಕ್ಟರು.

ನೀವು ನನ್ನ ಮಗಳನ್ನು ಉಳಿಸಿದಿರಿ. ಆ ದಿನ ನನಗೆ ನಿಮ್ಮ ಕಾಲಿಗೆ ಬೀಳಬೇಕು ಅನ್ನಿಸಬೇಕಿತ್ತು. ಅನ್ನಿಸಿತು ಕೂಡ. ಆದರೆ ಅದರ ಜೊತೆಯಲ್ಲೇ ಇನ್ನೊಂದು ಎದ್ದಿತು. ಹೆತ್ತವಳಿಗೆ ಕಾಣದ್ದು ಇವರಿಗೆ ಕಂಡಿತಲ್ಲ ಎಂದು. ಅದು ಅವತ್ತು ನನ್ನ ಹೊಟ್ಟೆಯಲ್ಲಿ ಹೊತ್ತಿಕೊಂಡದ್ದು ಆಮೇಲೆ ಆರಲೇ ಇಲ್ಲ.

ಆಮೇಲಿನ ತಿಂಗಳುಗಳಲ್ಲಿ ನೀವು ಅವಳನ್ನು ಕೂಸಿನಂತೆ ನೋಡಿಕೊಂಡಿರಿ. ಮಾತ್ರೆ, ಪಥ್ಯ, ಜ್ವರದ ರಾತ್ರಿ, ಎಲ್ಲ ನೀವೇ. ನಾನು ವಾರಕ್ಕೊಮ್ಮೆ ಬಸ್ಸು ಹತ್ತಿ ಬಂದು, ಸೋಫಾದ ತುದಿಯಲ್ಲಿ ಬ್ಯಾಗು ಹಿಡಿದುಕೊಂಡು ಕೂತು ಹೋಗುವ ನೆಂಟಳಾದೆ. ಅವಳು ನಿಮ್ಮನ್ನು ಮೊದಲು "ಅತ್ತೆ" ಎನ್ನುತ್ತಿದ್ದಳು. ಅದು ಯಾವಾಗ "ಅಮ್ಮ" ಆಯಿತೋ ನನಗೆ ತಿಳಿಯಲಿಲ್ಲ. ಫೋನಿನಲ್ಲಿ "ಅಮ್ಮ ಹೇಳಿದ್ರು" ಎಂದಾಗ, ನಾನ್ಯಾವಾಗ ಹೇಳಿದೆ ಎಂದು ಒಂದು ಕ್ಷಣ ಯೋಚಿಸುತ್ತಿದ್ದೆ. ಪರವಾಗಿಲ್ಲ ಎಂದು ಸಮಾಧಾನ ಮಾಡಿಕೊಂಡೆ. ನಿಮಗೆ "ಹೇಳಿದ್ರು", ನನಗೆ "ಹೇಳ್ದೆ". ಬಹುವಚನ ಎಷ್ಟೇ ಆದರೂ ಹೊರಗಿನವರಿಗೆ ಕೊಡುವ ಕುರ್ಚಿ, ಏಕವಚನ ಮಾತ್ರ ಮಡಿಲು. ಅದು ನನ್ನೊಬ್ಬಳದೇ ಎಂದುಕೊಂಡಿದ್ದೆ. ಒಂದು ದಿನ ನನ್ನೊಂದಿಗೆ ಮಾತಾಡುತ್ತಲೇ ಅಡುಗೆಮನೆಯ ಕಡೆ ತಿರುಗಿ ಅವಳು ಅಂದದ್ದು ಕೇಳಿಸಿತು. "ಅಮ್ಮಾ, ನೀನು ಕೂತ್ಕೋ, ನಾನು ನೋಡ್ತೀನಿ." ನೀನು! ಅವತ್ತು ಅಂಗಡಿಯಲ್ಲಿ ಹೊಲಿಗೆ ಮಷೀನಿನ ಸೂಜಿ ಎರಡು ಸಲ ಮುರಿಯಿತು. ಮಷೀನಿನ ತಪ್ಪೇನೂ ಇರಲಿಲ್ಲ.

ಇನ್ನು ಹಿತ್ತಲಿನ ವಿಷಯ. ಎಂಟು ತಿಂಗಳು ಪರದೆ ಎಳೆದ ಕೋಣೆಯಲ್ಲಿ ಕೂತು ಅವಳು ಸೊರಗಿಹೋಗಿದ್ದಳು. ನಾಲ್ಕು ವರ್ಷದ ಮೊಮ್ಮಗಳು ಬಟಾಣಿ ಹಿತ್ತಲಲ್ಲಿ ಒಬ್ಬಳೇ ಮಣ್ಣಿನಲ್ಲಿ ಆಡುವುದನ್ನು ಕಿಟಕಿಯ ಗಾಜಿನೊಳಗಿಂದ ನೋಡುವುದೊಂದೇ ಅವಳ ಪಾಲಿಗೆ ಉಳಿದಿತ್ತು. ಆಗ ನಿಮಗೆ ಹೊಳೆಯಿತು. ದೋಣಿಯ ಹಾಯಿಯಂತೆ ಮೂಲೆಗಳನ್ನು ಎಳೆದು ಕಟ್ಟುವ ನೆರಳಿನ ಬಟ್ಟೆ ಸಿಗುತ್ತದೆ, ಬಿಸಿಲಿನ ಕೆಟ್ಟ ಕಿರಣಗಳನ್ನು ಅದು ತಡೆಯುತ್ತದೆ, ಡಾಕ್ಟರು ಕೂಡ ಸಂಜೆಯ ಹೊತ್ತಿಗೆ ಆಗಬಹುದು ಎಂದಿದ್ದಾರೆ. ಬಟ್ಟೆ ತರಿಸಿದಿರಿ, ಕಂಬ ತರಿಸಿದಿರಿ, ಅಳಿಯಂದಿರು ಒಬ್ಬ ಗಾರೆಯವನನ್ನು ಹಿಡಿದುಕೊಂಡು ಬಂದರು, ಒಂದೇ ದಿನದಲ್ಲಿ ನೆಟ್ಟಾಯಿತು. ಎಲ್ಲ ಮುಗಿದ ಮೇಲೆ, ಭಾನುವಾರ ಬಾ, ನಿನಗೊಂದು ತೋರಿಸಬೇಕು ಎಂದು ಮಗಳ ಫೋನು.

ಮೂವತ್ತು ವರ್ಷ ಬಟ್ಟೆ, ಹಗ್ಗ, ಕಂಬ, ಗಾಳಿ ಇವುಗಳ ಜೊತೆ ಗುದ್ದಾಡಿದವಳು ನಾನು. ನನ್ನ ಮಗಳಿಗೆ ನೆರಳು ಮಾಡುವಾಗ ಇಡೀ ಲೋಕದಲ್ಲಿ ಕೇಳದೆ ಬಿಟ್ಟದ್ದು ನನ್ನೊಬ್ಬಳನ್ನೇ. ಹಿತ್ತಲ ಗಿಡ ಮದ್ದಲ್ಲ ಎನ್ನುವ ಗಾದೆಯನ್ನು ಹಿತ್ತಲಿಗೇ ಬಂದು ನಿಂತು ಅನುಭವಿಸಿದೆ.

ನೋಡಿದ ಕೂಡಲೇ ತಿಳಿಯಿತು. ಹದಿನೈದು ಅಡಿ ಚೌಕದ ಬಟ್ಟೆ. ಎರಡು ಮೂಲೆ ಮನೆಯ ಗೋಡೆಯ ಕೊಂಡಿಗೆ, ಇನ್ನೆರಡು ಮೂಲೆ ಹಿಂದಿನ ಎರಡು ಕಂಬಕ್ಕೆ. ಕಂಬಗಳೆಂದರೆ ಬಟ್ಟೆ ಒಣಹಾಕುವ ಪೈಪಿನ ದಪ್ಪ. ಬುಡದಲ್ಲಿ ಕಾಂಕ್ರೀಟು ಒಂದು ತಟ್ಟೆಯಗಲ. ನೆಟ್ಟ ಮೂರನೆಯ ದಿನಕ್ಕೇ ಬಟ್ಟೆಯನ್ನು ತಮಟೆಯಂತೆ ಬಿಗಿದು ಕಟ್ಟಿದ್ದರು. ಕಂಬಗಳು ಆಗಲೇ ಬಟ್ಟೆಯ ಕಡೆಗೆ ಕೂದಲೆಳೆಯಷ್ಟು ಬಾಗಿದ್ದವು. ಯಾರೂ ನೋಡದಾಗ ಒಂದಕ್ಕೆ ಅಂಗೈ ಕೊಟ್ಟು ಒತ್ತಿದೆ. ಬುಡದ ಮಣ್ಣು ಬಿರುಕು ಬಿಟ್ಟಿತು. ಗುಂಡಿ ಒಂದೂವರೆ ಅಡಿಗಿಂತ ಹೆಚ್ಚಿಲ್ಲ ಎಂದು ಲೆಕ್ಕ ಹಾಕಿದೆ. ಬಟ್ಟೆ ಹಗುರ ಎಂದು ಎಲ್ಲರೂ ಮೋಸ ಹೋಗುತ್ತಾರೆ. ಹಗುರವೇ. ಆದರೆ ಗಾಳಿ ಅದರ ಹೊಟ್ಟೆಯೊಳಗೆ ಹೊಕ್ಕರೆ ಹತ್ತು ಆಳು ಒಟ್ಟಿಗೆ ಹಗ್ಗ ಜಗ್ಗಿದಂತೆ ಕಂಬವನ್ನು ಕೀಳುತ್ತದೆ. ಒಂದು ಜೋರು ಗಾಳಿ ಬಂದರೆ ಮುಗಿಯಿತು ಎಂದು ಆ ಕ್ಷಣದಲ್ಲೇ ನನಗೆ ಗೊತ್ತಾಯಿತು.

ಅಷ್ಟರಲ್ಲಿ ನೀವು ಕೈ ಒರೆಸಿಕೊಳ್ಳುತ್ತಾ ಬಂದಿರಿ. "ಹೆಂಗಿದೆ ಬೀಗಿತ್ತಿ? ನೀವು ಕಸುಬಿನವರು, ನೋಡಿ ಹೇಳ್ಬೇಕಪ್ಪ" ಎಂದಿರಿ.

ನೀವು ಕೇಳಿದಿರಿ. ಇದನ್ನು ನಾನು ಮರೆಯುವಂತಿಲ್ಲ. ಕೇಳದೇ ಇದ್ದಿದ್ದರೆ ನನಗೆ ಒಂದು ನೆಪವಾದರೂ ಇರುತ್ತಿತ್ತು. ನಿಮ್ಮ ಹಿಂದೆ ಮಗಳು ಚಾಪೆಯ ಮೇಲೆ ಕೂತಿದ್ದಳು, ಎಂಟು ತಿಂಗಳ ಮೇಲೆ ಮೊದಲ ಸಲ ಬಯಲಲ್ಲಿ. ಬಟಾಣಿ ಅವಳ ಪಾದಕ್ಕೆ ಮಣ್ಣು ಮೆತ್ತುತ್ತಿದ್ದಳು. ಮಗಳ ಮುಖದಲ್ಲಿ ನಾನು ಮರೆತೇ ಹೋಗಿದ್ದ ಒಂದು ನಗು ಇತ್ತು, ಮತ್ತು ಆ ನಗು ನಿಮ್ಮ ಕಡೆಗೆ ತಿರುಗಿತ್ತು. "ನೋಡೇ ಅಮ್ಮ, ಅಮ್ಮ ನಂಗೋಸ್ಕರ ಆಕಾಶಾನೇ ಹೊಲಿಸಿಬಿಟ್ಟಿದ್ದಾಳೆ" ಎಂದಳು ನನಗೆ. ಎರಡು ಅಮ್ಮ, ಒಂದೇ ವಾಕ್ಯದಲ್ಲಿ. ಆಕಾಶ ಹೊಲಿಸಿದವರು ನೀವು, ನೋಡಬೇಕಾದವಳು ನಾನು.

"ಚೆನ್ನಾಗಿದೆ ಬಿಡಿ, ನಿಮ್ಮ ಕೈ ಹತ್ತಿದ ಮೇಲೆ ಕೇಳ್ಬೇಕಾ" ಎಂದೆ.

ಆ ಮಾತು ಎಷ್ಟು ಸಲೀಸಾಗಿ ಬಂತೆಂದರೆ ನನಗೇ ಆಶ್ಚರ್ಯವಾಯಿತು. ಹಿಂದಿರುಗುವ ಬಸ್ಸಿನಲ್ಲಿ ಕೂತು ನಾನು ಏನು ಕನಸು ಕಂಡೆ ಎಂಬುದನ್ನೂ ಬರೆದುಬಿಡುತ್ತೇನೆ. ಕಂಬ ವಾಲುತ್ತದೆ. ಯಾರಿಗೂ ಏನೂ ಆಗುವುದಿಲ್ಲ, ಬಟ್ಟೆ ಮಾತ್ರ ಒದ್ದೆ ಸೀರೆಯಂತೆ ಮಣ್ಣಿಗೆ ಬೀಳುತ್ತದೆ. ನೀವು ಸೊಂಟದ ಮೇಲೆ ಕೈಯಿಟ್ಟುಕೊಂಡು ಏನು ಮಾಡುವುದೆಂದು ತೋಚದೆ ನಿಂತಿರುತ್ತೀರಿ. ಮಗಳು ಫೋನು ಮಾಡಿ "ಅಮ್ಮಾ, ಇದು ನಿನ್ನ ಕೈಲೇ ಆಗ್ಬೇಕು ಕಣೇ, ಬಾ" ಎನ್ನುತ್ತಾಳೆ. ನಾನು ಲಾರಿಯಲ್ಲಿ ಬಂದಿಳಿಯುತ್ತೇನೆ. ಎರಡು ತಾಸಿನ ದಾರಿ ಈ ಚಿತ್ರವನ್ನು ತಿರುಗಿಸಿ ತಿರುಗಿಸಿ ನೋಡಿದೆ. ಹೊಟ್ಟೆಕಿಚ್ಚಿಗೆ ಬೇರೆಯವರ ಮನೆ ಸುಡುವುದಷ್ಟೇ ಕಾಣುತ್ತದೆ. ಒಳಗೆ ಯಾರು ಮಲಗಿದ್ದಾರೆ ಎಂಬುದು ಕಾಣುವುದಿಲ್ಲ.

ಗುರುವಾರ ಮಧ್ಯಾಹ್ನ ಗಾಳಿ ಎದ್ದಿತು. ಅಂಗಡಿಯ ಷಟರು ಧಡಧಡ ಬಡಿದುಕೊಳ್ಳತೊಡಗಿತು. ನನ್ನ ಕೈ ತಾನಾಗಿ ಫೋನಿಗೆ ಹೋಯಿತು. ಬಟ್ಟೆ ಬಿಚ್ಚಿಬಿಡಿ, ಯಾರೂ ಅದರ ಕೆಳಗೆ ನಿಲ್ಲಬೇಡಿ ಎಂದು ಹೇಳಲು ಎಷ್ಟು ಹೊತ್ತು? ಆದರೆ ಈಗ ಹೇಳಿದರೆ ಭಾನುವಾರ ಯಾಕೆ ಹೇಳಲಿಲ್ಲ ಎಂದು ಕೇಳುತ್ತಾರಲ್ಲ! ಫೋನು ಕೆಳಗಿಟ್ಟೆ. ಬೀದಿಯಲ್ಲಿ ಒಂದು ತಗಡು ಹಾರಿಹೋಗುವುದನ್ನು ನೋಡಿದ ಮೇಲೆ ಮತ್ತೆ ಎತ್ತಿದೆ. ನಿಮ್ಮ ಫೋನು ರಿಂಗಾಯಿತು, ರಿಂಗಾಯಿತು, ನಿಂತುಹೋಯಿತು. ಮಗಳದೂ ಅಷ್ಟೇ. ಫೋನು ಇಟ್ಟು ಮತ್ತೆ ಎತ್ತುವ ನಡುವೆ ಹದಿನೈದು ನಿಮಿಷ ಎನ್ನಿ. ಆ ಹದಿನೈದು ನಿಮಿಷ ನನ್ನ ಹತ್ತಿರ ಇತ್ತು, ನಾನು ಅದನ್ನು ಮಾನ ಉಳಿಸಿಕೊಳ್ಳಲು ಖರ್ಚು ಮಾಡಿದೆ.

ಮುಕ್ಕಾಲು ಗಂಟೆಯ ಮೇಲೆ ಮಗಳೇ ಫೋನು ಮಾಡಿದಳು. "ಅಮ್ಮಂಗೆ ಏಟಾಗಿದೆ, ಅಮ್ಮಂಗೆ ಏಟಾಗಿದೆ" ಎಂದು ಅಳುತ್ತಿದ್ದಳು. ಇಲ್ಲ ಕಣೇ, ನಾನು ಚೆನ್ನಾಗೇ ಇದ್ದೀನಲ್ಲ ಎಂದು ಬಾಯಿಗೆ ಬಂದಿತ್ತು.

ನೀವು ಏನು ಮಾಡಿದಿರಿ ಎಂದು ಎಲ್ಲರೂ ನನಗೆ ಹೇಳಿದರು, ನೀವೊಬ್ಬರನ್ನು ಬಿಟ್ಟು. ಬಟಾಣಿ ಕಂಬದ ಬುಡದಲ್ಲೇ ಆಟದ ಸಾಮಾನು ಹರಡಿಕೊಂಡು ಕೂತಿದ್ದಳು. ಗಾಳಿಗೆ ಬಟ್ಟೆ ಒಂದು ಸಲ ಉಬ್ಬಿ, ಕಂಬ ಕಾಂಕ್ರೀಟಿನ ಸಮೇತ ಹಲ್ಲು ಕಿತ್ತಂತೆ ಮೇಲೆದ್ದು ಬಂತು. ನೀವು ಅಡುಗೆಮನೆಯ ಬಾಗಿಲಿಂದ ಓಡಿ ಬಂದು ಮಗುವನ್ನು ಆಚೆ ತಳ್ಳಿದಿರಿ. ಅವಳ ತಲೆಗೆ ಬೀಳಬೇಕಾದ ಕಬ್ಬಿಣ ನಿಮ್ಮ ಭುಜಕ್ಕೆ ಬಿತ್ತು. ಭುಜಕ್ಕೂ ಕೊರಳಿಗೂ ನಡುವಿನ ಎಲುಬು ಎರಡು ತುಂಡು. ಅರವತ್ತೆರಡು ವರ್ಷದ ನೀವು ಓಡಿದಿರಿ. ನಾನು ಫೋನು ಕೈಲಿ ಹಿಡಿದು ಕೂತಿದ್ದೆ.

ಆಸ್ಪತ್ರೆಗೆ ಬಂದಾಗ ನೀವು ನೋವಿನ ಔಷಧಿಯ ಮಂಪರಿನಲ್ಲಿ ಇದ್ದಿರಿ. ಕೋಣೆಯಲ್ಲಿ ನಾವಿಬ್ಬರೇ. ನನ್ನ ಕೈ ಹಿಡಿದು ನೀವು ಅಂದದ್ದು ನಿಮಗೆ ನೆನಪಿದೆಯೋ ಇಲ್ಲವೋ, ನನಗೆ ಅಕ್ಷರಶಃ ನೆನಪಿದೆ. "ತಪ್ಪು ನಂದೇ ಬೀಗಿತ್ತಿ. ಮೊದ್ಲೇ ನಿಮ್ಮನ್ನ ಕರೆಸ್ಬೇಕಿತ್ತು. ಮಾತೆತ್ತಿದ್ರೆ ನಮ್ಮಮ್ಮ ಆದ್ರೆ ಹಿಂಗೆ ಮಾಡ್ತಿದ್ಲು, ನಮ್ಮಮ್ಮ ಆದ್ರೆ ಹಂಗೆ ಮಾಡ್ತಿದ್ಲು ಅಂತಾಳೆ ನಿಮ್ಮ ಮಗಳು. ಇದೊಂದನ್ನಾದ್ರೂ ನಾನೇ ಮಾಡಿ ತೋರ್ಸೋಣ ಅನ್ನೋ ಹಟ ಬಂತು. ಹೊಟ್ಟೆಕಿಚ್ಚು ಅಂದ್ಕೊಳ್ಳಿ."

ಹೊಟ್ಟೆಕಿಚ್ಚು! ಆ ಪದವನ್ನು ನೀವು ಎಷ್ಟು ಸಲೀಸಾಗಿ ಮಂಚದ ಮೇಲೆ ಇಟ್ಟುಬಿಟ್ಟಿರಿ. ನಾನು ಎರಡು ವರ್ಷದಿಂದ ಅದನ್ನು ಸೆರಗಿನಲ್ಲಿ ಮುಚ್ಚಿಕೊಂಡು ತಿರುಗಿದವಳು. ಅಲ್ಲೇ, ಆಗಲೇ, ನನ್ನದನ್ನೂ ಹೇಳಬಹುದಿತ್ತು. ಬಾಗಿಲು ನೀವೇ ತೆರೆದಿದ್ದಿರಿ. ನಾನು ಮಾಡಿದ್ದೇನು? "ಆಯ್ತು ಬಿಡಿ, ಈಗ ಅದೆಲ್ಲ ಯಾಕೆ, ಮಲ್ಕೊಳ್ಳಿ" ಎಂದು ನಿಮಗೇ ಕ್ಷಮೆ ಕೊಡುವವಳಂತೆ ಹೊದಿಕೆ ಎಳೆದೆ. ಕಂಬದ ವಿಷಯ ಮುಚ್ಚಿಟ್ಟದ್ದಕ್ಕಿಂತಲೂ ಅದು ನನ್ನನ್ನು ಹೆಚ್ಚು ಚುಚ್ಚುತ್ತದೆ.

ನೀವು ಮನೆಗೆ ಬಂದ ಮೇಲೆ ನಿಮ್ಮ ಆರೈಕೆಗೆ ಎಂದು ನಾನು ಇಲ್ಲೇ ಉಳಿದೆ. ಎರಡನೆಯ ವಾರ ಕಂಬದ ಕೆಲಸ ಹಿಡಿದೆ. ನಮ್ಮ ಅಂಗಡಿಯ ಹಳೆಯ ಆಳು ಬಂದಿದ್ದನಲ್ಲ, ನಾವೆಲ್ಲ ಗೂಟಪ್ಪ ಎಂದು ಕರೆಯುವವನು, ಅವನು ಹಳೆಯ ಗುಂಡಿಯ ಪಕ್ಕ ಕುಕ್ಕರಗಾಲಲ್ಲಿ ಕೂತು, ಕಿತ್ತು ಬಂದ ಕಾಂಕ್ರೀಟಿನ ಉಂಡೆಯನ್ನು ಕಾಲಿಂದ ಉರುಳಿಸಿ ನೋಡಿದ. "ಏನಕ್ಕಾ ಇದು, ಹೂಕುಂಡ ಇಟ್ಟಂಗೆ ಇಟ್ಟಿದ್ದಾರೆ. ಕಣ್ಣು ಮುಚ್ಕೊಂಡು ಹೇಳ್ಬೋದಿತ್ತು ಬೀಳತ್ತೆ ಅಂತ. ಭಾನುವಾರ ನೀವು ಬಂದಿದ್ರಂತಲ್ಲ, ನೋಡ್ಲಿಲ್ವಾ?" ಎಂದ. ಪಾಪ, ಅವನ ಮನಸ್ಸಿನಲ್ಲಿ ಏನೂ ಇರಲಿಲ್ಲ.

ನಾನು ಗುದ್ದಲಿ ಹುಡುಕುವವಳಂತೆ ಆ ಕಡೆ ತಿರುಗಿದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ಹಾಗೆ. ಗುದ್ದಲಿ ನನ್ನ ಕೈಯಲ್ಲೇ ಇತ್ತು. ಬಾಗಿಲ ನೆರಳಿನಲ್ಲಿ ನಿಂತಿದ್ದ ಮಗಳು ಎಲ್ಲವನ್ನೂ ನೋಡಿದಳು. ಕ್ಯಾನ್ವಾಸ್ ಸುರುಳಿಯ ಮೇಲೆ ಬೆಳೆದವಳಿಗೆ ತಾಯಿಯ ಬೆನ್ನನ್ನು ಓದಲು ಬರುವುದಿಲ್ಲವೇ? ಗೂಟಪ್ಪ ಊಟಕ್ಕೆ ಹೋದ ಮೇಲೆ ಹತ್ತಿರ ಬಂದು ಕೇಳಿದಳು. "ಅಮ್ಮಾ, ನಿಂಗೆ ಗೊತ್ತಿತ್ತು ಅಲ್ವಾ?"

ಸುಳ್ಳು ಹೇಳಲು ಬಾಯಿ ತೆರೆದೆ, ಆಗಲಿಲ್ಲ. ಗೊತ್ತಿತ್ತು ಎಂದೆ. ಯಾಕೆ ಎಂದಳು. ಅವರು ನಿನಗೆ ಅಮ್ಮ ಆಗಿಬಿಟ್ಟರಲ್ಲ, ಅದಕ್ಕೆ ಎಂದೆ. ಅವಳು ಕಿರುಚಾಡಲಿಲ್ಲ. ಬಟಾಣಿ ಕೂತಿದ್ದ ಜಾಗಕ್ಕೆ ಕೈ ತೋರಿಸಿ, "ಅಲ್ಲಿಗೆ ಬಿದ್ದಿದ್ರೆ?" ಎಂದಳು. ಅಷ್ಟೇ. ಮೂರು ದಿನ ನನ್ನ ಹತ್ತಿರ ಮಾತಾಡಲಿಲ್ಲ. ನಾಲ್ಕನೆಯ ದಿನ ಬಂದು, "ನಾನು ಹೇಳಲ್ಲ. ನೀನೇ ಹೇಳ್ಬೇಕು. ಅವರ ಪಟ್ಟಿ ಬಿಚ್ಚೋದ್ರೊಳಗೆ ಹೇಳ್ಬೇಕು" ಎಂದು ಹೋದಳು. ಅಲ್ಲಿಂದ ಈಚೆಗೆ ಊಟದ ಹೊತ್ತಿನಲ್ಲಿ ನಾವು ತಾಯಿ ಮಗಳು ಇಬ್ಬರೂ ತಟ್ಟೆ ನೋಡಿಕೊಂಡು ಉಣ್ಣುವುದನ್ನು ನೀವು ಗಮನಿಸಿದ್ದೀರಿ. "ನಿಮಗೆ ನನ್ನಿಂದ ತೊಂದ್ರೆ ಆಗ್ತಿದೆಯೇನೋ" ಎಂದು ಒಂದು ಸಲ ಕೇಳಿದಿರಿ ಕೂಡ. ತೊಂದರೆ ನಿಮ್ಮಿಂದಲ್ಲ.

ಆಮೇಲೆ ನಾನು ಕಂಬ ನೆಟ್ಟ ರೀತಿಯನ್ನು ನೀವು ಕಿಟಕಿಯಿಂದ ನೋಡಿದ್ದೀರಿ. ಗುಂಡಿ ನಾಲ್ಕು ಅಡಿ, ಬಾಯಿಗಿಂತ ತಳ ಅಗಲ. ಮೂರನೆಯ ಅಡಿಗೆ ಕಲ್ಲು ಅಡ್ಡ ಬಂದಾಗ "ಸಾಕು ಬಿಡಿ ಅಕ್ಕಾ, ಆನೆ ಕಟ್ಟೋಕಾ?" ಎಂದ ಗೂಟಪ್ಪ. ನಾನೇ ಗುಂಡಿಗಿಳಿದು ಹಾರೆ ಹಾಕಿದೆ. ತಳಕ್ಕೆ ಜಲ್ಲಿ, ಮೇಲೆ ತೊಡೆಯ ದಪ್ಪದ ಕಂಬ, ಬಟ್ಟೆ ಎಳೆಯುವ ದಿಕ್ಕಿಗೆ ವಿರುದ್ಧವಾಗಿ ಹೊರಗಡೆಗೆ ಒಂದು ಗೇಣು ವಾಲಿಸಿ. ನೆಟ್ಟಗಿದ್ದ ಕಂಬ ಎಳೆತಕ್ಕೆ ಒಳಗೆ ಬಾಗುತ್ತದೆ, ಹೊರಗೆ ವಾಲಿದ್ದು ಎಳೆತವನ್ನು ತಡೆದು ನಿಲ್ಲುತ್ತದೆ. ಕಾಂಕ್ರೀಟಿಗೆ ಹತ್ತು ದಿನ ನೀರು ಕುಡಿಸಿದೆ, ಅಲ್ಲಿಯತನಕ ಬಟ್ಟೆ ಕಟ್ಟಲು ಯಾರನ್ನೂ ಬಿಡಲಿಲ್ಲ. ಕಂಬದಲ್ಲಿ ಒಂದರ ಕೊಂಡಿ ಎತ್ತರಕ್ಕೆ, ಇನ್ನೊಂದರದು ಒಂದೂವರೆ ಮೊಳ ತಗ್ಗಿಗೆ, ಮಳೆ ಬಂದರೆ ನೀರು ಹರಿದುಹೋಗಲಿ ಎಂದು. ಬೆರಳಿನ ಚರ್ಮ ಸುಲಿಯಿತು. "ಅಷ್ಟೊಂದು ಯಾಕೆ ಮೈ ಮುರ್ಕೊಂಡು ದುಡೀತೀರಿ ಬೀಗಿತ್ತಿ" ಎಂದು ನೀವು ಕಿಟಕಿಯಿಂದ ಕೂಗಿದಿರಿ. ನಾನು ಕೊಂಡಿಯನ್ನು ಇನ್ನೊಂದು ಸುತ್ತು ಬಿಗಿದೆ.

ಈ ಐದು ವಾರ ನಿಮ್ಮ ಕೈ ಮೇಲೇಳದ್ದರಿಂದ ನಿಮ್ಮ ತಲೆ ಬಾಚಿದವಳು ನಾನು. ನಿಮಗೆ ಕಿವಿಯ ಹಿಂದೆ ಒಂದು ಮಚ್ಚೆ ಇದೆ, ನಿಮಗೇ ಗೊತ್ತಿರಲಿಕ್ಕಿಲ್ಲ. ಬಾಚುತ್ತಾ ನಿಮ್ಮನ್ನು ಇಷ್ಟಪಡಲು ಕಲಿತೆ ಎಂದು ಬರೆದರೆ ಓದಲು ಚೆಂದ, ಅರ್ಧ ನಿಜವೂ ಹೌದು. ಇನ್ನರ್ಧವನ್ನೂ ಹೇಳುತ್ತೇನೆ. ನಿನ್ನೆ ಸಂಜೆ ಗಾಳಿ ಬಂದಾಗ ಹೊಸ ಕಂಬಗಳು ಮಿಸುಕಲಿಲ್ಲ. ನಾನು ಓಡಿಹೋಗಿ ಒಂದನ್ನು ತಬ್ಬಿ ಹಿಡಿದು ನಿಂತೆ, ಅದಕ್ಕೆ ನನ್ನ ಅಗತ್ಯವೇ ಇರಲಿಲ್ಲ. ಅಲ್ಲಿಂದ ನೋಡಿದರೆ ಬಟ್ಟೆಯ ನೆರಳಿನಲ್ಲಿ ಮಗಳು ನಿಮಗೆ ಹೊದಿಕೆ ಹೊದಿಸುತ್ತಿದ್ದಳು, ಬಟಾಣಿ ನಿಮ್ಮ ಒಳ್ಳೆಯ ಕೈಯನ್ನು ದಿಂಬು ಮಾಡಿಕೊಂಡಿದ್ದಳು. ನನ್ನ ಹೊಟ್ಟೆಯಲ್ಲಿ ಹಳೆಯ ಜಾಗ ಚುರುಕ್ಕೆಂದಿತು. ಇನ್ನೂ ಇದೆ, ಬೀಗಿತ್ತಿಯವರೇ. ಬಹುಶಃ ಸಾಯುವವರೆಗೂ ಇರುತ್ತದೆ. ಒಂದೇ ವ್ಯತ್ಯಾಸವೆಂದರೆ, ಅದು ಬಂದಾಗ ನಾನು ಇನ್ನು ಬಾಯಿ ಮುಚ್ಚಿಕೊಂಡು ಇರುವುದಿಲ್ಲ. ನಿಮ್ಮೆದುರು ಬಂದು, "ಇವತ್ತು ನಂಗೆ ಹೊಟ್ಟೆ ಉರೀತಿದೆ" ಎಂದು ಹೇಳಿಬಿಡುತ್ತೇನೆ. ನೀವು ಆಸ್ಪತ್ರೆಯಲ್ಲಿ ಹೇಳಿದಿರಲ್ಲ, ಹಾಗೆ.

ನೀವು ಕ್ಷಮಿಸಬೇಕೆಂದು ಕೇಳುತ್ತಿಲ್ಲ. ನಿಮ್ಮ ಎಲುಬಿನ ವಿಷಯಕ್ಕಾದರೆ ನಿಮ್ಮ ಒಳ್ಳೆಯತನ ಕ್ಷಮಿಸೀತು. ಮಗುವಿನ ವಿಷಯಕ್ಕೆ ನಾನೇ ನನ್ನನ್ನು ಕ್ಷಮಿಸಿಲ್ಲ, ನಿಮ್ಮನ್ನು ಹೇಗೆ ಕೇಳಲಿ? ನನ್ನ ಚೀಲ ಕಟ್ಟಿಟ್ಟಿದ್ದೇನೆ. ನಾಳೆ ನಿಮ್ಮನ್ನು ಆಸ್ಪತ್ರೆಗೆ ಅಳಿಯಂದಿರು ಕರೆದೊಯ್ಯುತ್ತಾರೆ, ನಾನು ಮೊದಲ ಬಸ್ಸಿಗೆ ಹೊರಡುತ್ತೇನೆ. ಇದನ್ನು ಇವತ್ತೇ ನಿಮ್ಮ ಕೈಗೇ ಕೊಟ್ಟು, ಓದುವಷ್ಟು ಹೊತ್ತು ಹಿತ್ತಲಲ್ಲಿರುತ್ತೇನೆ. ಕರೆದರೆ ಬರುತ್ತೇನೆ, ಬೈದರೆ ಕೇಳುತ್ತೇನೆ.

ಕೊನೆಗೆ ಒಂದು ಕೆಲಸದ ಮಾತು. ಹೊಸ ಬಟ್ಟೆ ಒಂದು ತಿಂಗಳಿಗೆ ಹಿಗ್ಗಿ ಜೋಲುತ್ತದೆ. ಆಗ ಮೂಲೆಗಳ ತಿರುಪನ್ನು ಎರಡೆರಡು ಸುತ್ತು ಬಿಗಿ ಮಾಡಬೇಕು, ಹೆಚ್ಚಲ್ಲ, ಕಡಿಮೆಯಲ್ಲ. ಗೂಟಪ್ಪನಿಗೆ ಹೇಳಿದರೆ ಬಂದು ಮಾಡಿಕೊಡುತ್ತಾನೆ. ಅದಕ್ಕೆ ನನ್ನನ್ನೇ ಕರೆಯಿರಿ ಎಂದು ಕೇಳುವ ಮುಖ ನನಗಿಲ್ಲ.

ಆದರೂ ಕೇಳುತ್ತಿದ್ದೇನೆ.

ನಿಮ್ಮ ಭುಜ ನೋವಿಲ್ಲದೆ ಮೇಲೇಳಲಿ, ನೀವು ಎತ್ತಿಕೊಳ್ಳುವ ಮಗು ನೂರು ವರ್ಷ ಬಾಳಲಿ.

ಇತಿ,
ನಿಮ್ಮ ಸೊಸೆಯನ್ನು ಹೆತ್ತವಳು